ಮಾವನ ತಲೆಯೂ ಅಲಂಕಾರಶಾಸ್ತ್ರವೂ

ಜಯಪುರದ ಕಡೆ ಅಡಿಕೆ ತೋಟವಿದ್ದು, ಮನೆಯಲ್ಲಿ ಮಕ್ಕಳೂ ಇದ್ದರೆ ಅಲ್ಲೊಂದು ಬಸ್ಸು ಓಡುತ್ತಿರುತ್ತದೆ. ಮರದಿಂದ ಬಿದ್ದ ಹಾಳೆಯ ಮೇಲೆ ಒಂದು ಮಗು ಕೂರುತ್ತದೆ, ಸೋಗೆ ಹಿಡಿದು ಇನ್ನೊಂದು ಎಳೆಯುತ್ತದೆ. ನಮ್ಮ ಮನೆಯ ಬಸ್ಸಿನ ಮಾಲೀಕಳು ಮೂರು ವರ್ಷದ ಮೊಮ್ಮಗಳು. “ಇದು ಹಾಳೆ ಅಲ್ವನೇ?” ಎಂದೆ. “ಹಾಳೇನೇ. ಈಗ ಬಸ್ಸು. ಕೊಪ್ಪ, ಕೊಪ್ಪ! ಹತ್ತು ಅಜ್ಜ!” ಎಂದಳು.

ಆ ಉತ್ತರದಲ್ಲಿ ಶಾಸ್ತ್ರವೇ ಅಡಗಿದೆ. ಹೆಸರು ಗೊತ್ತಿಲ್ಲದೆ ನಾಯಿಯನ್ನೂ ‘ಅಂಬಾ’ ಎಂದರೆ ಅದು ತಪ್ಪು. ಹಾಳೆಯೆಂದು ಗೊತ್ತಿದ್ದೂ ಬಸ್ಸೆಂದರೆ ರೂಪಕ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ವಿನ್ನರ್ ಆಡಮ್ ಎಂಬ ಹುಡುಗನ ಮಾತಿನ ದಾಖಲೆಗಳನ್ನು ಜಾಲಾಡಿ 1979ರಲ್ಲಿ ಬರೆದರು: ಮಕ್ಕಳ ರೂಪಕ ಮೊದಲು ಹುಟ್ಟುವುದು ಆಟದಲ್ಲಿ, ಕೈಗೆ ಸಿಕ್ಕಿದ್ದನ್ನು ಇನ್ನೇನೋ ಮಾಡಿಕೊಂಡಾಗ, ಕಣ್ಣಿಗೆ ಕಂಡ ಹೋಲಿಕೆಯ ರೂಪಕಗಳು ಆಮೇಲೆ. ಆಡಮನಿಗೆ ಹಾಳೆ ಸಿಕ್ಕಿರಲಿಕ್ಕಿಲ್ಲ, ಪಾಪ.

ನಮ್ಮವಳ ಕಣ್ಣು ತೆರೆದದ್ದು ಮುಂದಿನ ಮಳೆಗಾಲದಲ್ಲಿ. ಕೊಳೆರೋಗ ಬಾರದಿರಲೆಂದು ಅಡಿಕೆ ಕೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ “ಮರ ರೈನ್‌ಕೋಟ್ ಹಾಕ್ಕೊಂಡಿದೆ.” ನನ್ನ ಕಾಲಿಗೆ ಉಂಬಳ ಹತ್ತಿದರೆ “ಸ್ಟ್ರಾ ಹಾಕಿ ಅಜ್ಜನ್ನ ಕುಡೀತಿದೆ!” 1904ರಲ್ಲಿ ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕೇ ಅಲ್ಲವೇ! ಮಹೋಪಮೆಯ ಕವಿಯ ಊರಿನ ನೀರು ಇವಳಿಗೂ ತಾಗಿದೆ ಎಂದು ನನ್ನ ಹೆಂಡತಿ ನೆಂಟರಿಗೆಲ್ಲ ಫೋನು ಮಾಡಿದಳು.

ಮಳೆ ಮುಗಿದು ಅಂಗಳ ಮಾಡುವ ಕಾಲ ಬಂತು. ಹುಲ್ಲು ಹೆರೆದು, ನೆಲ ಬಡಿದು, ಸಗಣಿ ಬಳಿದು ಅಡಿಕೆ ಹರಡಲು ಅಣಿ ಮಾಡಿದ್ದೆವು. ಶೃಂಗೇರಿಯಿಂದ ಸೊಸೆಯ ಅಣ್ಣ ಬಂದವರು ಜಗುಲಿಯಲ್ಲಿ ಕೂತು ಟೋಪಿ ತೆಗೆದರು. “ಅಜ್ಜಾ, ಮಾವನ ತಲೇಲೂ ಅಂಗಳ ಮಾಡಿ ಆಗಿದೆ!”

ಉಪಮೇಯ ತಲೆ, ಉಪಮಾನ ಅಂಗಳ, ‘ಅಂತೆ’ ಎಂಬ ವಾಚಕದ ರಗಳೆಯೇ ಇಲ್ಲ, ಶುದ್ಧ ಅಭೇದ. ಸುತ್ತ ಉಳಿದ ಕೂದಲು ಬೇಲಿಗೂ ಒದಗುತ್ತಿತ್ತು. ಹೈಸ್ಕೂಲಿನಲ್ಲಿ ಮುಖವನ್ನು ಕಮಲಕ್ಕೆ ಗಂಟು ಹಾಕಿ ಸುಸ್ತಾದವನು ನಾನು. ಖುಷಿಯಿಂದ ಬೀಗರ ಕಡೆಯವರಿಗೆ ಲಕ್ಷಣ ವಿವರಿಸಲು ಹೊರಟೆ. ಅವರು ಕಾಫಿ ಅರ್ಧಕ್ಕೇ ಬಿಟ್ಟು, ಮಗು ಬೆಳೆಸುವ ಬಗ್ಗೆ ನಾಲ್ಕು ಮಾತು ಬಿಗಿದು ಹೋದರು.

ತಮಾಷೆಯೆಂದರೆ, ಇಷ್ಟೆಲ್ಲ ಕಟ್ಟುವವಳಿಗೆ ನಮ್ಮ ರೂಪಕ ಮಾತ್ರ ಒಂದೂ ತಿಳಿಯದು. ಅಜ್ಜಿ “ಹೊಟ್ಟೆ ಉರೀತದೆ” ಎಂದರೆ ಓಡಿಹೋಗಿ ನೀರಿನ ಚೊಂಬು ತರುತ್ತಾಳೆ. ತಪ್ಪು ಅವಳದಲ್ಲ. ಅಂಗಳವನ್ನೂ ತಲೆಯನ್ನೂ ಅವಳು ಕಣ್ಣಾರೆ ಕಂಡಿದ್ದಾಳೆ. ಉರಿಯುವ ಹೊಟ್ಟೆಯನ್ನು ನಾವಾದರೂ ಯಾರು ಕಂಡಿದ್ದೇವೆ?

ಅವತ್ತು ಹೆಂಡತಿ, “ಆ ಮಹಾರಾಯರದ್ದು ನಾಲಿಗೆ ಭಾರೀ ಉದ್ದ” ಎಂದದ್ದು ಇವಳ ಕಿವಿಗೆ ಬಿದ್ದಿತ್ತು. ಮಾವ ಮತ್ತೆ ಬಂದಾಗ ಟಾರ್ಚ್ ಹಿಡಿದು ಎದುರು ನಿಂತಳು. “ಮಾವ, ಆ ಅನ್ನಿ.” ಡಾಕ್ಟರಾಟವೆಂದು ಅವರೂ ಪ್ರೀತಿಯಿಂದಲೇ ಬಾಯಿ ತೆರೆದರು. ಇವಳು ಬಗ್ಗಿ ನೋಡಿ ಅಡುಗೆಮನೆಗೆ ಕೇಳುವಂತೆ ಕೂಗಿದಳು:

“ಅಜ್ಜೀ, ಉದ್ದ ಇಲ್ಲ! ನಂದಷ್ಟೇ ಇದೆ!”