ಜನರೇಟರಿಗೂ ಒಂದು ಹಸಿರು ಶಾಲು

ಹೊರದೇಶದ ದೊಡ್ಡ ಗಾಯಕರಿಗೆ ಈಚೆಗೆ ಜ್ಞಾನೋದಯವಾಗಿದೆ. ಊರೂರು ತಿರುಗಿ ಹಾಡಿದರೆ ಭೂಮಿ ಬಿಸಿಯಾಗುತ್ತದಂತೆ. ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದವರು 2019ರಲ್ಲಿ, ಪರಿಸರಕ್ಕೆ ಒಗ್ಗುವ ದಾರಿ ಸಿಗುವವರೆಗೆ ಪ್ರವಾಸವನ್ನೇ ಹೊರಡುವುದಿಲ್ಲ ಎಂದು ಶಪಥ ಮಾಡಿದರು. ದಾರಿ ಬೇಗನೆ ಸಿಕ್ಕಿತು. 2022ರಲ್ಲಿ ಹೊರಟೇಬಿಟ್ಟರು. ಕುಣಿದರೆ ಕರೆಂಟು ಹುಟ್ಟುವ ನೆಲ, ತುಳಿದರೆ ಕರೆಂಟು ಕೊಡುವ ಸೈಕಲ್ಲು, ಆಟ ಮುಗಿದ ಮೇಲೆ ವಾಪಸ್ ಕೊಡಬೇಕಾದ ಮಿನುಗುವ ಕೈಪಟ್ಟಿ, ಒಂದು ಟಿಕೆಟ್ಟಿಗೆ ಒಂದು ಗಿಡ. ಹಿಂದಿನ ಪ್ರವಾಸಕ್ಕಿಂತ ಹೊಗೆ ಶೇ. 59ರಷ್ಟು ಇಳಿದಿದೆ ಎಂದು 2024ರಲ್ಲಿ ಲೆಕ್ಕ ಒಪ್ಪಿಸಿದರು.

ನಂಬೋಣ. ಆದರೆ ಆ ಲೆಕ್ಕ ವೇದಿಕೆ, ಸಾಮಾನು ಮತ್ತು ತಂಡದವರ ಓಡಾಟದ್ದು. 2025ರ ಜನವರಿಯಲ್ಲಿ ಇವರ ಹಾಡು ಕೇಳಲು ಅಹಮದಾಬಾದಿನ ಸ್ಟೇಡಿಯಮ್ಮಿಗೆ ಒಂದೊಂದು ಸಂಜೆ ಲಕ್ಷಕ್ಕೂ ಮಿಕ್ಕಿ ಜನ ಬಂದರಲ್ಲ, ವಿಮಾನ, ಸ್ಪೆಷಲ್ ರೈಲು, ಬಾಡಿಗೆ ಕಾರು ಹಿಡಿದು, ಆ ಹೊಗೆ ಕೇಳುಗರ ಖಾತೆಗೆ. ಮದುವೆ ಖರ್ಚು ಬರೆಯುವಾಗ ಬೀಗರ ಊಟವನ್ನು ಬಿಟ್ಟು ಬರೆದ ಹಾಗೆ.

ಇಂಥ ಒಳ್ಳೆಯ ಕೆಲಸದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ ಸೀಮೆ ಹಿಂದೆ ಬೀಳಬಾರದು. ಜಾತ್ರೆ ಸೀಜನ್ನಿನಲ್ಲಿ ಸಿರುಗುಪ್ಪ ರಸ್ತೆಯಲ್ಲಿ ನಿಂತು ರಸಮಂಜರಿ ತಂಡ ಬರುವುದನ್ನು ನೋಡಿ. ಒಂದು ಲಾರಿ ತುಂಬ ಸೌಂಡ್ ಬಾಕ್ಸು, ಇನ್ನೊಂದರ ತುಂಬ ಲೈಟು ಮತ್ತು ಕಬ್ಬಿಣದ ಕಂಬ, ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಜನರೇಟರು. ಗಾಯಕರು ಕೊನೆಗೆ ಟಾಟಾ ಸುಮೋದಲ್ಲಿ. ಹಾಡುಗಳು ಎಲ್ಲಿ ಎಂದು ಕೇಳಿದರೆ ಒಬ್ಬ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ತೋರಿಸುತ್ತಾನೆ. ಕಿಸೆಯಲ್ಲಿ ಹಿಡಿಸುವ ಸಂಗೀತಕ್ಕೆ ನಾಲ್ಕು ಗಾಡಿ!

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ವಿಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ಜನರೇಟರಿನ ಹುಡುಗನನ್ನು ಕೇಳಿದೆ: "ರಾತ್ರಿಗೆ ಎಷ್ಟು ಕುಡಿತೈತಪ್ಪ ಇದು?"

"ಹಾಡಿನ ಮ್ಯಾಲೆ ಐತ್ರಿ ಸರ್. ಭಕ್ತಿಗೀತೆಗೆ ಕಮ್ಮಿ. ಡಿಜೆ ಸಾಂಗ್ ಹಾಕಿದ್ರೆ ಜಗ್ಗಿ ಎಳಿತೈತ್ರಿ."

ಭಕ್ತಿಗೂ ಹವಾಮಾನಕ್ಕೂ ಇಷ್ಟು ನೇರ ಸಂಬಂಧ ಇರುವುದನ್ನು ಯಾವ ವಿದೇಶಿ ವರದಿಯೂ ಗುರುತಿಸಿಲ್ಲ. ಮೊದಲ ಮೂರು ಹಾಡು ಗಣೇಶ, ಬಸವಣ್ಣ, ಊರದೇವತೆಗೆ. ಅಲ್ಲಿಯವರೆಗೆ ನಮ್ಮ ಜಾತ್ರೆ ಕೋಲ್ಡ್‌ಪ್ಲೇಗಿಂತ ಹಸಿರು. ಆಮೇಲೆ ಮುಂದಿನ ಸಾಲಿನ ಯುವಕರು ಟವೆಲ್ ಬೀಸುತ್ತಾರೆ, ಧ್ರುವಪ್ರದೇಶದ ಹಿಮ ಕರಗುತ್ತದೆ.

ಜನರೇಟರ್ ಬದಲು ಬ್ಯಾಟರಿ ಇಡಿ ಎನ್ನುವವರು ಇದ್ದಾರೆ. ಇಡಬಹುದು. ಆದರೆ ಬ್ಯಾಟರಿಗೂ ಕರೆಂಟು ಬೇಕಲ್ಲ. ನಮ್ಮ ಜಿಲ್ಲೆಯಲ್ಲಿ ಕರೆಂಟು ಎಂದರೆ ಕುಡತಿನಿಯ ಉಷ್ಣವಿದ್ಯುತ್ ಸ್ಥಾವರ, 1,700 ಮೆಗಾವ್ಯಾಟ್, ಕಲ್ಲಿದ್ದಲು. ಅದೇ ಕುಡತಿನಿಯಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವಿದೆ. ಅದನ್ನು ನೋಡಲು ಪುರಾತತ್ವದ ಪಂಡಿತರು ಬರುತ್ತಾರೆ. ಸ್ಥಾವರದ ಬೂದಿಯನ್ನು ನೋಡಲು ಇನ್ನೂ ನಾಲ್ಕು ಸಾವಿರ ವರ್ಷ ಬಿಟ್ಟು ಬರಬಹುದು.

ಈಗ ಉತ್ಸವಗಳ ಕಥೆ. ಹೆಸರಾಂತ ಗಾಯಕ ವಿಮಾನದಲ್ಲಿ ಬಂದು, ಎಸಿ ಕಾರಿನಲ್ಲಿ ಕೂತು, ಒಂದು ತಾಸು ಹಾಡಿ, ಅರ್ಧ ತಾಸು "ಐ ಲವ್ ಯೂ ಬಳ್ಳಾರಿ" ಎಂದು ಕೂಗಿ ಅದೇ ರಾತ್ರಿ ಹಿಂತಿರುಗುತ್ತಾನೆ. ಸ್ಥಳೀಯ ಕಲಾವಿದರಿಗೆ ಮಧ್ಯಾಹ್ನ ಮೂರರ ಬಿಸಿಲು, ಖಾಲಿ ಕುರ್ಚಿ, ಒಂದು ಶಾಲು ಮತ್ತು ಬಸ್ ಚಾರ್ಜು. ಬಸ್ಸಿನಲ್ಲಿ ಬರುವುದೇ ಹಸಿರು ಪ್ರಯಾಣ ಎಂಬ ಸೂಕ್ಷ್ಮ ಅವರಿಗೆ ಅರ್ಥವಾಗುವುದಿಲ್ಲ, ಸಂಭಾವನೆ ಯಾವಾಗ ಎಂದು ಕೇಳುತ್ತಾರೆ.

ನಿಜವಾದ ಹಸಿರು ಪ್ರವಾಸಕ್ಕೆ ಪ್ರಶಸ್ತಿ ಕೊಡುವುದಾದರೆ ಸಂಡೂರು ಸೀಮೆಯ ದರೋಜಿ ಈರಮ್ಮನವರಿಗೆ ಕೊಡಬೇಕಿತ್ತು. ಅಲೆಮಾರಿ ಬುಡ್ಗಜಂಗಮ ಸಮುದಾಯದ ಬುರ್ರಕಥಾ ಕಲಾವಿದೆ. ವಾದ್ಯ ಹೆಗಲ ಮೇಲೆ, ಕಥೆ ನಾಲಿಗೆಯ ಮೇಲೆ. ಅಕ್ಷರ ಕಲಿಯದೆ ಮಹಾಕಾವ್ಯಗಳನ್ನೇ ಹೊತ್ತು ತಿರುಗಿದವರು. ಕಾಗದವೂ ಖರ್ಚಾಗಲಿಲ್ಲ ನೋಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು, ಅವರು 2014ರಲ್ಲಿ ತೀರಿಕೊಂಡರು. ಅವರ ಕುಲದವರು ಹೊಗೆಯಿಲ್ಲದೆ ನಡೆದದ್ದಕ್ಕೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಹೊಗೆ ಬಿಡುವ ತಾಕತ್ತು ಇದ್ದವನು ಸ್ವಲ್ಪ ಕಮ್ಮಿ ಬಿಟ್ಟರೆ ಅದು ಪರಿಸರ ಪ್ರಜ್ಞೆ. ತಾಕತ್ತೇ ಇಲ್ಲದವನು ಬರಿಗಾಲಲ್ಲಿ ನಡೆದರೆ ಅದು ಬಡತನ, ಅದಕ್ಕೆ ಬೇರೆ ಇಲಾಖೆ ಇದೆ.

ಕೇಳುಗರ ಪ್ರಯಾಣದ ಲೆಕ್ಕ ಬಗೆಹರಿಯದೆ ಜಗತ್ತಿನ ಪಂಡಿತರು ತಲೆ ಕೆರೆದುಕೊಳ್ಳುತ್ತಿದ್ದಾರಲ್ಲ, ನಮ್ಮ ನಾಟಕ ಕಂಪನಿಗಳು ಅದನ್ನು ಎಂದೋ ಬಗೆಹರಿಸಿದ್ದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ನಮ್ಮ ಕಡೆ ತಿರುಗಿದ ಸಣ್ಣಪುಟ್ಟ ಕಂಪನಿಗಳವರೆಗೆ ಎಲ್ಲರದ್ದೂ ಒಂದೇ ಪದ್ಧತಿ: ಕ್ಯಾಂಪ್. ಒಂದೂರಿಗೆ ಬಂದರೆ ತಿಂಗಳುಗಟ್ಟಲೆ ಠಿಕಾಣಿ. ಸುತ್ತಲ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಬಂದು, ಬೆಳಗಿನ ಜಾವದವರೆಗೆ ರಂಗಗೀತೆ ಕೇಳಿ, ಒನ್ಸ್‌ಮೋರ್ ಕೂಗಿ ಹೋಗುತ್ತಿದ್ದರು. ಎತ್ತು ಬಿಟ್ಟ ಹೊಗೆಯೂ ಗೊಬ್ಬರವಾಗಿ ಗದ್ದೆಗೇ ಬೀಳುತ್ತಿತ್ತು. ಈಗ ಒಬ್ಬ ಗಾಯಕನನ್ನು ಕುರುಗೋಡಿನಲ್ಲೋ ತೆಕ್ಕಲಕೋಟೆಯಲ್ಲೋ ಒಂದು ತಿಂಗಳು ಉಳಿಸಿಕೊಳ್ಳಿ ನೋಡೋಣ. ಮೇ ತಿಂಗಳಾದರೆ ಮೂರನೇ ದಿನಕ್ಕೆ ಅವನೇ ಭೂಮಿ ಬಿಸಿಯಾಗಿದೆ ಎಂದು ಒಪ್ಪಿಕೊಳ್ಳುತ್ತಾನೆ.

ಇನ್ನೂ ಹಿಂದಕ್ಕೆ ಹೋಗಬೇಕೆ? ತೆಕ್ಕಲಕೋಟೆಯ ಗುಡ್ಡದಲ್ಲಿ 1963–64ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆದು ತೋರಿಸಿದ ನವಶಿಲಾಯುಗದ ಮನೆಗಳಿವೆ. ಅದೇ ಯುಗದ ಜನ ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿ ಕೊಡುವ ಕಪ್ಪು ಬಂಡೆಗಳನ್ನು ಕಂಡುಕೊಂಡಿದ್ದರು. ಬಡಿದು ಬಡಿದು ಬಿದ್ದ ಗುಳಿಗಳು ಈಗಲೂ ಕಾಣುತ್ತವೆ. ಕರೆಂಟು ಬೇಡ, ಲಾರಿ ಬೇಡ, ಪೆನ್‌ಡ್ರೈವೂ ಬೇಡ. ಒಂದೇ ಕುಂದು, ಆ ವಾದ್ಯಗಳು ಊರು ಬಿಟ್ಟು ಪ್ರವಾಸ ಹೋಗಲಾರವು. ಅದನ್ನೂ ಸರಿಪಡಿಸಲು ನಮ್ಮವರು ಹೊರಟಿದ್ದರು: ಗುಡ್ಡಕ್ಕೆ ಕಲ್ಲುಗಣಿ ಇಟ್ಟು, ಜಲ್ಲಿ ಮಾಡಿ, ಟಿಪ್ಪರಿನಲ್ಲಿ ತುಂಬಿ ಕಳಿಸತೊಡಗಿದರು.