ಕರ್ಣಪ್ಪನವರ ದಾನಪರ್ವ

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಮುಂಗಡ ಕೊಟ್ಟ ಸುದ್ದಿ ಹಬ್ಬಿದ್ದೇ ತಡ, ಕರ್ಣಪ್ಪನವರ ನೆಂಟರಿಷ್ಟರ ಫೋನುಗಳೆಲ್ಲ ಒಂದೊಂದಾಗಿ ‘ವ್ಯಾಪ್ತಿ ಪ್ರದೇಶದಿಂದ ಹೊರಗೆ’ ಹೋಗತೊಡಗಿದವು. ಬೆಂಗಳೂರಿನ ಮಲ್ಲೇಶ್ವರವಿರಲಿ, ಮೈಸೂರಿನ ಸರಸ್ವತಿಪುರವಿರಲಿ, ಬೀದಿಗೊಬ್ಬರಂತೆ ಸಿಗುವ ಈ ಮಹನೀಯರ ಹೆಸರು ರೇಷನ್ ಕಾರ್ಡಿನಲ್ಲಿ ಏನೇ ಇರಬಹುದು. ಮನೆ ಬದಲಿಸುವ ತಿಂಗಳಲ್ಲಿ ಎಲ್ಲರೂ ಕರ್ಣಪ್ಪನವರೇ.

ನಮ್ಮ ಕರ್ಣಪ್ಪನವರು ಬ್ಯಾಂಕಿನಿಂದ ನಿವೃತ್ತರು. ಹನುಮಂತನಗರದ ಹಳೇ ಮನೆಯನ್ನು ಬಿಲ್ಡರ್ ಕೈಗೆ ಕೊಟ್ಟು ಕನಕಪುರ ರಸ್ತೆಯ ಏಳನೇ ಮಹಡಿಯ ಫ್ಲಾಟಿಗೆ ಹೊರಟಿದ್ದಾರೆ. ಅಲ್ಲಿ ಜಿಮ್ ಇದೆ, ಈಜುಕೊಳ ಇದೆ. ಅಟ್ಟ ಇಲ್ಲ, ಹಿತ್ತಲಿಲ್ಲ, ಮೆಟ್ಟಿಲ ಕೆಳಗಿನ ಗೂಡಿಲ್ಲ. ಹಾಗಾಗಿ ನಲವತ್ತು ವರ್ಷ ಈ ಮೂರು ಜಾಗಗಳಲ್ಲಿ ಹಾಯಾಗಿ ಮಲಗಿದ್ದ ಸಾಮಾನೆಲ್ಲ ಈಗ ಹಜಾರದಲ್ಲಿ ಸಭೆ ಸೇರಿದೆ.

‘ಗುಜರಿಗೆ ಹಾಕಿಬಿಡೋಣ ಅಂದ್ರೆ’ ಎಂದು ಮನೆಯಾಕೆ ಬಾಯಿ ತೆರೆದರೆ ಸಾಕು, ಅವರ ಮುಖ ಕೆಂಪಾಗುತ್ತದೆ. ‘ಕೆ.ಜಿ. ಲೆಕ್ಕದಲ್ಲಿ ಮಾರೋಕೆ ಇದೇನು ಈರುಳ್ಳಿಯೇನೇ? ಬೇಕಾದವರಿಗೆ ಕೊಟ್ರೆ ಪುಣ್ಯ ಬರುತ್ತೆ.’ ಯಾರಿಗೆ ಏನು ಬೇಕು ಎಂಬುದನ್ನು ತೀರ್ಮಾನಿಸುವವರೂ ಅವರೇ.

ಮೊದಲು ಸಿಕ್ಕಿಬಿದ್ದವನು ತಂಗಿಯ ಮಗ. ಅವನ ಪಾಲಿಗೆ ಬಂದದ್ದು ಇಬ್ಬರು ಹಿಡಿದರೂ ಏದುಸಿರು ಬರಿಸುವ ಹಳೇ ಕಲರ್ ಟಿ.ವಿ. ‘ಮಾವ, ನಮ್ಮನೇಲಿ ಗೋಡೆಗೆ ಹಾಕಿರೋ ಟಿ.ವಿ. ಇದೆಯಲ್ಲ’ ಎಂದ. ‘ಅದು ಗೋಡೆಗಾಯ್ತು, ಇದು ನೆಲಕ್ಕಿರಲಿ’ ಎಂದರು. ‘ತೊಂಬತ್ತಾರನೇ ಇಸವೀಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವೆಂಕಟೇಶ್ ಪ್ರಸಾದ್ ಆ ಆಮಿರ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದನ್ನ ಇದರಲ್ಲೇ ನೋಡಿದ್ದು ಕಣೋ!’

ಹುಡುಗ ಓದಿಕೊಂಡವನು. ಇಂಥ ಟಿ.ವಿ.ಯ ಚಿತ್ರಕೊಳವೆಯ ಗಾಜಿನಲ್ಲಿ ಸೀಸ ಇರುತ್ತದೆ, ಗುಜರಿಯವರು ತಾಮ್ರದ ಸುರುಳಿಯನ್ನಷ್ಟೇ ಬಿಚ್ಚಿಕೊಂಡು ಉಳಿದದ್ದನ್ನು ಒಡೆದು ಎಸೆದರೆ ಮಣ್ಣಿಗೂ ನೀರಿಗೂ ವಿಷ, ಅದಕ್ಕೇ ಇ-ತ್ಯಾಜ್ಯಕ್ಕೆ ಬೇರೆ ನಿಯಮವಿದೆ, 2022ರಲ್ಲಿ ಹೊರಡಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನಮ್ಮ ದಾಬಸ್‌ಪೇಟೆಯಲ್ಲೇ 2005ರಿಂದ ಇದನ್ನು ಸರಿಯಾಗಿ ಬಿಡಿಸಿ ವಿಲೇವಾರಿ ಮಾಡುವ ಘಟಕವಿದೆ ಎಂದೆಲ್ಲ ವಿವರಿಸಿದ. ಕರ್ಣಪ್ಪನವರು ಗಮನವಿಟ್ಟು ಕೇಳಿದರು.

‘ಸೀಸ ಇದ್ರೆ ಇನ್ನೂ ಗಟ್ಟಿ ಅಲ್ವೇನೋ? ತಗೊಂಡ್ಹೋಗು.’

ಆಮೇಲೆ ಪಾತ್ರೆಗಳ ಸರದಿ. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಬಂದ ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆಸುವ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರು ಕರ್ಣಪ್ಪನವರ ಕುಲಕ್ಕೆ ಸರಿಯಾದ ಲಗಾಮು ಹಾಕಿದ್ದಾರೆ. ಕನ್ನಡಕ ಹಾಕದೆ ಆರಿಸಿದ ಒಂದು ಡಬ್ಬಿಯನ್ನು ಹಳೇ ಸಹೋದ್ಯೋಗಿಯ ಮಗನ ಗೃಹಪ್ರವೇಶಕ್ಕೆ ಒಯ್ದರು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ಹೆಸರು ಆ ಸಹೋದ್ಯೋಗಿಯದೇ, ವರ್ಷ 1983. ಆ ಮನೆಯ ಯಜಮಾನಿ ಒಂದಿಷ್ಟೂ ವಿಚಲಿತರಾಗಲಿಲ್ಲ. ತಾಂಬೂಲದ ಜೊತೆಗೆ, ಕರ್ಣಪ್ಪನವರ ಹೆಸರನ್ನೇ ಹೊತ್ತಿದ್ದ ದೊಡ್ಡ ಬೋಗುಣಿಯೊಂದನ್ನು ಕೈಗಿಟ್ಟು ಕಳಿಸಿದರು. ಹೋಗುವಾಗಿನ ಭಾರಕ್ಕಿಂತ ಬರುವಾಗಿನ ಭಾರವೇ ಹೆಚ್ಚಾಯಿತು.

ಪುಸ್ತಕದ ಬೀರುವಿನ ಕತೆ ಮಾತ್ರ ನಗುವಂಥದ್ದಲ್ಲ. ವರ್ಷಗಟ್ಟಲೆಯ ಸುಧಾ, ಮಯೂರ, ಕಸ್ತೂರಿಗಳನ್ನು ಬಡಾವಣೆಯ ಗ್ರಂಥಾಲಯಕ್ಕೆ ಸಾಗಿಸಲು ಹೋದರೆ ಅಲ್ಲಿನವರು ‘ಜಾಗ ಇಲ್ಲ ಸಾರ್’ ಎಂದು ಕೈಮುಗಿದರು. ಮನಸ್ಸಿಗೆ ನೋವಾಗಿ ಕರ್ಣಪ್ಪನವರು ಇಡೀ ಗಂಟನ್ನು ಹಳೇ ಪೇಪರ್ ಅಂಗಡಿಗೆ ‘ಹಾಗೇ’ ಕೊಟ್ಟುಬಿಟ್ಟರು. ಅದರಡಿಯಲ್ಲಿ ಅವರ ತಂದೆ ಜೋಪಾನ ಮಾಡಿದ್ದ ‘ಕೊರವಂಜಿ’ಯ ಕೆಲವು ಸಂಚಿಕೆಗಳಿದ್ದವು. 1942ರಲ್ಲಿ ಡಾ. ಎಂ. ಶಿವರಾಂ ಆರಂಭಿಸಿದ, ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದ, 1967ರಲ್ಲಿ ನಿಂತುಹೋದ ಆ ಹಾಸ್ಯಪತ್ರಿಕೆ ನಿನ್ನೆಯ ದಿನಪತ್ರಿಕೆಯ ಜೊತೆ ಒಂದೇ ತಕ್ಕಡಿ ಏರಿತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಿಗೆ ಒಂದು ಮಾತು ಹೇಳಿದ್ದರೆ ಅವರು ಆಟೋದಲ್ಲಿ ಓಡಿಬರುತ್ತಿದ್ದರು. ಇತ್ತ ದೂರವಾಣಿ ಇಲಾಖೆಯ ಹಳೇ ಟೆಲಿಫೋನ್ ಡೈರೆಕ್ಟರಿಗಳು ಮಾತ್ರ ‘ಮುಂದೆ ಬೇಕಾಗಬಹುದು’ ಎಂಬ ಕಾರಣಕ್ಕೆ ಭದ್ರವಾಗಿ ಪ್ಯಾಕಾಗಿ ಏಳನೇ ಮಹಡಿಗೆ ಹೊರಟಿವೆ.

ಬಟ್ಟೆಯ ವಿಷಯದಲ್ಲಿ ಕರ್ಣಪ್ಪನವರು ನೆರೆ ಬರುವುದನ್ನೇ ಕಾಯುವವರು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆಗಳು ಮುಳುಗಿದಾಗ ಅವರು ಬೆಲ್‌ಬಾಟಂ ಪ್ಯಾಂಟುಗಳನ್ನೂ ಮದುವೆಯ ಕೋಟನ್ನೂ ಮೂಟೆ ಕಟ್ಟಿ ಕಳಿಸಿದ್ದರು. ‘ದಯವಿಟ್ಟು ಹಳೇ ಬಟ್ಟೆ ಬೇಡ’ ಎಂದು ಪರಿಹಾರ ಸಂಗ್ರಹಿಸುವವರು ಬೋರ್ಡು ಹಾಕಿದ್ದನ್ನು ಅವರು ವಿನಯದ ಮಾತು ಎಂದು ತಿಳಿದರು. ಹಳೇ ಬಟ್ಟೆಯನ್ನೇ ವಿಂಗಡಿಸಿ ಕೌದಿ, ಬಟ್ಟೆಯ ಪ್ಯಾಡು ಮಾಡಿ ಹಳ್ಳಿಗಳಿಗೆ ಮುಟ್ಟಿಸುವ ಗೂಂಜ್‌ನಂಥ ಸಂಸ್ಥೆ 1999ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ಅಲ್ಲಿಗೆ ಕೊಡುವ ಮುನ್ನ ಒಗೆದು ಕೊಡಬೇಕು. ಕರ್ಣಪ್ಪನವರ ದಾನದಲ್ಲಿ ಒಗೆಯುವ ಕೆಲಸ ಪಡೆದವರದು.

ಒಗೆಯುವ ಮಾತು ಬಂದಾಗ ಕೆಟ್ಟ ವಾಷಿಂಗ್ ಮೆಷಿನ್ ನೆನಪಾಯಿತು. ‘ನೀನೇ ಇಟ್ಕೊಳ್ಳಮ್ಮ, ಒಂದು ಸಣ್ಣ ರಿಪೇರಿ ಅಷ್ಟೆ’ ಎಂದು ಮನೆಗೆಲಸದಾಕೆಗೆ ಹೇಳಿದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, ‘ನಮ್ಮನೇಗೆ ನೀರು ಬರೋದೇ ಎರಡು ದಿನಕ್ಕೊಂದ್ಸಲ ಸಾರ್. ಅದನ್ನ ಇಟ್ರೆ ನಾವು ಹೊರಗೆ ಮಲಗಬೇಕಾಗುತ್ತೆ. ಅದರ ಬದಲು ಗ್ಯಾಸ್ ಸ್ಟೌ ಕೊಡಿ’ ಎಂದಳು. ಸ್ಟೌ ಚೆನ್ನಾಗಿ ಉರಿಯುತ್ತಿತ್ತು. ಆದ್ದರಿಂದ ಅದನ್ನು ಕೊಡುವ ಪ್ರಶ್ನೆಯೇ ಬರಲಿಲ್ಲ.

ಕೊನೆಗೂ ಮಗನೇ ಗುಜರಿಯವನನ್ನು ಕರೆಸಲು ಹೊರಟ. ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಹೊರಗೆ ಹೋಗಬಾರದು. ಶನಿವಾರ ಕಬ್ಬಿಣದ ತಂಟೆ ಬೇಡ. ಬುಧವಾರ ಅಮಾವಾಸ್ಯೆ. ಗುರುವಾರ ರಾಯರ ವಾರ. ಉಳಿದದ್ದು ಭಾನುವಾರ, ಅಂದು ಗುಜರಿಯವನು ಸಂಡೇ ಬಜಾರಿನಲ್ಲಿ. ಸೋಮವಾರ ಬೆಳಿಗ್ಗೆ ಲಾರಿ. ಇಷ್ಟರ ನಡುವೆ, ಗಾಜು ಒಡೆದ ದೇವರ ಪಟಗಳು ಮಾತ್ರ ಕತ್ತಲಾದ ಮೇಲೆ ಸದ್ದಿಲ್ಲದೆ ಅಶ್ವತ್ಥಕಟ್ಟೆ ಸೇರಿದವು. ಅಲ್ಲಿ ಆಗಲೇ ಐದು ವೆಂಕಟರಮಣಸ್ವಾಮಿಗಳೂ ಮೂರು ಲಕ್ಷ್ಮಿಯರೂ ಮರಕ್ಕೊರಗಿ ಕೂತಿದ್ದರು.

ಇಡೀ ಪ್ರಕರಣದಲ್ಲಿ ಲಾಭ ಮಾಡಿದವರು ಒಬ್ಬರೇ, ಮನೆಯಾಕೆ. ಅಂಚು ಹರಿದ ಹಳೇ ಮೈಸೂರು ರೇಷ್ಮೆ ಸೀರೆಗಳನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕಪೇಟೆಗೆ ಹೋಗಿ, ಜರಿಯಲ್ಲಿರುವ ಬೆಳ್ಳಿಗೆ ಸರಿಯಾದ ಬೆಲೆ ಕಟ್ಟಿಸಿ ಬಂದರು. ಯಾರಿಗೂ ಹೇಳಲಿಲ್ಲ.

ದಾನ ಕೊಟ್ಟಮೇಲೂ ಕರ್ಣಪ್ಪನವರು ಹಕ್ಕು ಬಿಡುವುದಿಲ್ಲ. ತಂಗಿಯ ಮನೆಗೆ ಹೋದರೆ ಕಾಫಿಗೆ ಮೊದಲು ಟಿ.ವಿ.ಯನ್ನು ವಿಚಾರಿಸುತ್ತಾರೆ. ಅದು ಮಂಚದ ಕೆಳಗೆ ಬೆಡ್‌ಶೀಟು ಹೊದ್ದುಕೊಂಡಿದೆ. ಅವರು ಬರುವ ದಿನ ಮಾತ್ರ ಹೊರಗೆ ಬರುತ್ತದೆ.

ಇಂಥವರೊಬ್ಬರು ನಿಮ್ಮ ಬಳಗದಲ್ಲೂ ಖಂಡಿತ ಇದ್ದಾರೆ. ಅವರು ಮನೆ ಬದಲಿಸುವ ಹೊತ್ತಿಗೆ ಫೋನ್ ಎತ್ತಿದಿರೋ, ‘ಬೇಡ’ ಎಂಬ ಮಾತನ್ನು ಮೊದಲೇ ಹೇಳಿಬಿಡಿ. ‘ಆಮೇಲೆ ನೋಡೋಣ’ ಎಂದಿರಾದರೆ, ಫೋನ್ ಇಡುವಷ್ಟರಲ್ಲಿ ನಿಮ್ಮ ಗೇಟಿನ ಮುಂದೆ ಟೆಂಪೋ ನಿಂತಿರುತ್ತದೆ. ಬಾಡಿಗೆಯನ್ನೂ ನೀವೇ ಕೊಡಬೇಕು.