ಶಂಕೆರಾಯರ ಆಕಾಶಯಾನ

ಊರಿಗೊಬ್ಬರಾದರೂ ಇರುವ ಈ ಮಹನೀಯರನ್ನು ಸದ್ಯಕ್ಕೆ ಶಂಕೆರಾಯರು ಎಂದು ಕರೆಯೋಣ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವರನ್ನು ನೋಡಬೇಕು. ಬೆಲ್ಟಿನ ಬಕಲ್ಲು ಸೀಟ್ ಕವರಿನ ಅಡಿ ಎಲ್ಲೋ ಹೂತುಹೋಗಿದೆ. ಅದನ್ನು ಅಗೆದು ತೆಗೆಯುವ ಉಮೇದು ರಾಯರಿಗಿಲ್ಲ. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ಮೊಬೈಲು ಹಿಡಿದ ಡ್ರೈವರು ಹೆಬ್ಬಾಳ ದಾಟಿದ್ದೇ ತಡ, ಗಾಡಿಯನ್ನು ನೂರಕ್ಕೆ ಏರಿಸಿದ್ದಾನೆ. ರಾಯರ ಚಿಂತೆಯೇ ಬೇರೆ. ‘ಅಲ್ಲಪ್ಪಾ, ಈ ಪೈಲಟ್‌ಗಳಿಗೆ ರಾತ್ರಿ ಸರಿಯಾಗಿ ನಿದ್ದೆ ಆಗಿರುತ್ತೋ ಇಲ್ಲವೋ?’ ಎಂದು ಅವನನ್ನೇ ಕೇಳುತ್ತಾರೆ. ಬೆಳಗಿನ ಜಾವದವರೆಗೂ ಬಾಡಿಗೆ ಹೊಡೆದಿರುವ ಆ ಹುಡುಗ ಬಾಯ್ತುಂಬ ಆಕಳಿಸಿ, ‘ಯಾರಿಗ್ಗೊತ್ತು ಸಾರ್’ ಅನ್ನುತ್ತಾನೆ.

ವಿಮಾನದೊಳಗೆ ಕಾಲಿಟ್ಟ ಗಳಿಗೆಯಿಂದ ರಾಯರ ಕಿವಿ ಚುರುಕು. ನಮ್ಮಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320ರಲ್ಲಿ, ಹೊರಡುವ ಮುನ್ನ ನೆಲದಡಿಯಿಂದ ಯಾರೋ ಗರಗಸ ಎಳೆದಂಥ ಸದ್ದು ಬರುವುದುಂಟು. ಒಂದು ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಒತ್ತಡ ಕಡಿಮೆಯಿದ್ದರೆ ಇನ್ನೊಂದರಿಂದ ಕಡ ಕೊಡಿಸುವ ಯಂತ್ರದ ಗೊಣಗಾಟ ಅದು. ರಾಯರ ಪ್ರಕಾರ ಕೆಳಗಿನ್ನೂ ರಿಪೇರಿ ಮುಗಿದಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಮೊರೆತ ತಟ್ಟನೆ ಇಳಿಯುತ್ತದೆ. ನೆಲ ಬಿಡುವಾಗ ಬೇಕಾದಷ್ಟು ಕಸುವು ಆಮೇಲೆ ಬೇಡವೆಂದು ತಗ್ಗಿಸುವುದು ಪ್ರತಿ ಹಾರಾಟದ ವಾಡಿಕೆ. ಎಂಜಿನ್ ಕೈಕೊಟ್ಟಿತೆಂದೇ ತೀರ್ಮಾನಿಸಿದ ರಾಯರು ಗಗನಸಖಿಯ ಮುಖವನ್ನು ಪಂಚಾಂಗ ನೋಡಿದಂತೆ ನೋಡುತ್ತಾರೆ. ಆಕೆ ನಕ್ಕರೆ ಏನನ್ನೋ ಮುಚ್ಚಿಡುತ್ತಿದ್ದಾಳೆ; ನಗದಿದ್ದರೆ ಕಥೆ ಮುಗಿಯಿತು. ಕಿಟಕಿಯಾಚೆ ರೆಕ್ಕೆ ಬಾಗುವುದು ಅವರ ಕೊನೆಯ ಪುರಾವೆ. ಬಳಕೆಯಲ್ಲಿ ಎದುರಾಗಬಹುದಾದ ಅತಿ ದೊಡ್ಡ ಹೊರೆಯ ಒಂದೂವರೆ ಪಟ್ಟನ್ನು ತಾಳುತ್ತದೆಂದು ತೋರಿಸಿಕೊಟ್ಟ ಮೇಲೆಯೇ ಆ ರೆಕ್ಕೆಗೆ ಪರವಾನಗಿ ಸಿಕ್ಕಿರುವುದು ಎಂದರೆ, ‘ತೋರಿಸಿದ್ದು ಯಾರಿಗೆ?’ ಅನ್ನುತ್ತಾರೆ.

‘ಬಸ್ಸು ಕೆಟ್ಟರೆ ರಸ್ತೆ ಪಕ್ಕ ನಿಲ್ಲಿಸಬಹುದು, ಇದನ್ನೆಲ್ಲಿ ನಿಲ್ಲಿಸ್ತೀರಿ?’ ಎಂಬುದು ರಾಯರ ಬ್ರಹ್ಮಾಸ್ತ್ರ. ಎಂಜಿನ್ ನಿಂತ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತದೆ. 1983ರಲ್ಲಿ ಕೆನಡಾದ ಒಂದು ಬೋಯಿಂಗ್ 767ಕ್ಕೆ ಕಿಲೋಗ್ರಾಂ, ಪೌಂಡುಗಳ ಲೆಕ್ಕ ಅದಲುಬದಲಾಗಿ ಇಂಧನ ಕಡಿಮೆ ತುಂಬಿಸಿದ್ದರು. ನಡು ಆಕಾಶದಲ್ಲಿ ಟ್ಯಾಂಕು ಬರಿದಾದರೂ ಅದು ತೇಲಿಕೊಂಡೇ ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇ ಮೇಲೆ ಇಳಿಯಿತು, ಎಲ್ಲರೂ ಬದುಕಿದರು. ಆದರೆ ರಾಯರು ಜಗ್ಗುವ ಪೈಕಿಯಲ್ಲ. ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ಬಿದ್ದ ವಿಮಾನದಲ್ಲಿ ಬದುಕುಳಿದ ಒಬ್ಬರೇ ಪ್ರಯಾಣಿಕರು 11ಎ ಸೀಟಿನಲ್ಲಿದ್ದರೆಂದು ಓದಿದಾಗಿನಿಂದ ಅವರಿಗೆ 11ಎ ಆಗಲೇಬೇಕು. ಒಂದೊಂದು ಮಾದರಿಯ ವಿಮಾನದಲ್ಲಿ 11ಎ ಒಂದೊಂದು ಕಡೆ ಇರುತ್ತದೆ, ತುರ್ತು ಬಾಗಿಲು ಪಕ್ಕದಲ್ಲೇ ಇರಬೇಕೆಂದಿಲ್ಲ ಎಂಬುದು ಅವರ ತಲೆಗೆ ಇಳಿಯುವುದಿಲ್ಲ. ಆ ದುರಂತ ನೆಲದ ಮೇಲಿದ್ದವರೂ ಸೇರಿ 260 ಜೀವಗಳನ್ನು ತೆಗೆದುಕೊಂಡಿತು. ದೇಶವೇ ತಿಂಗಳುಗಟ್ಟಲೆ ಅದನ್ನು ಮಾತಾಡಿತು. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಂದರೆ ಆ 260ರಷ್ಟೇ ಜೀವಗಳನ್ನು ರಸ್ತೆ ಹದಿನಾಲ್ಕು ಗಂಟೆಯೊಳಗೆ ನುಂಗುತ್ತದೆ, ಮಾರನೆಯ ದಿನ ಮತ್ತೆ ನುಂಗುತ್ತದೆ.

‘ರಸ್ತೆಯಲ್ಲಿ ಕೋಟ್ಯಂತರ ಜನ, ಆಕಾಶದಲ್ಲಿ ಎಷ್ಟು ಜನ? ಇದೂ ಒಂದು ಹೋಲಿಕೆಯೇ?’ ಎಂದು ರಾಯರು ಹಿಡಿದು ನಿಲ್ಲಿಸಿದರೆ, ಆಕ್ಷೇಪಣೆ ನ್ಯಾಯವಾದದ್ದೇ. ಹಾಗಾದರೆ ವಿಮಾನ ಬಿಟ್ಟು ಕಾರು ಹತ್ತಿದವರನ್ನೇ ನೋಡಬಹುದು. 2001ರ ಸೆಪ್ಟೆಂಬರ್ ದಾಳಿಯಾದ ಮೇಲೆ ಅನೇಕ ಅಮೆರಿಕನ್ನರು ಹಾಗೆ ಮಾಡಿದರು. ಮುಂದಿನ ಒಂದು ವರ್ಷದಲ್ಲಿ ಅದರಿಂದಾಗಿ ಸುಮಾರು 1,500 ಮಂದಿ ಹೆಚ್ಚಿಗೆ ರಸ್ತೆಯಲ್ಲಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದರು.

ಹಾಗೆಂದು ರಾಯರನ್ನು ನಕ್ಕು ತಳ್ಳಿಹಾಕುವಂತಿಲ್ಲ. 737 ಮ್ಯಾಕ್ಸ್ ವಿಮಾನದ ಮೂತಿಯನ್ನು ತಾನೇ ಕೆಳಕ್ಕೆ ಒತ್ತುವ ಸಾಫ್ಟ್‌ವೇರ್ ಒಂದಿದೆ ಎಂಬುದನ್ನೇ ಪೈಲಟ್‌ಗಳ ಕೈಪಿಡಿಯಲ್ಲಿ ಹೇಳಿರಲಿಲ್ಲ. 2018 ಮತ್ತು 2019ರಲ್ಲಿ ಎರಡು ವಿಮಾನ ಬಿದ್ದು 346 ಮಂದಿ ಸತ್ತರು. ಟ್ಯಾಕ್ಸಿಯಲ್ಲಿ ಕೇಳಿದ ನಿದ್ದೆಯ ಪ್ರಶ್ನೆಯೂ ಪೊಳ್ಳಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡ ವಿಮಾನದ ಕ್ಯಾಪ್ಟನ್ ದಾರಿಯಲ್ಲಿ ಬಹುಹೊತ್ತು ನಿದ್ದೆಯಲ್ಲಿದ್ದರೆಂದು ತನಿಖೆ ಹೇಳಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಪಕ್ಕದ ಪೈಲಟ್ ಹೇಳಿದ್ದರು. ಕ್ಯಾಪ್ಟನ್ ಆ ಸಂಶಯಕ್ಕೆ ಕಿವಿಗೊಡಲಿಲ್ಲ. ವಿಮಾನಯಾನ ಎಂಬ ಉದ್ಯಮ ನಿಂತಿರುವುದೇ ಇಂಥ ಸಂಶಯದ ಮೇಲೆ. 1935ರಲ್ಲಿ ಅಮೆರಿಕದ ಒಂದು ಬಾಂಬರ್ ವಿಮಾನದ ಚುಕ್ಕಾಣಿಗೆ ಹಾಕಿದ್ದ ಬೀಗ ತೆಗೆಯುವುದನ್ನು ಪಳಗಿದ ಪೈಲಟ್ ಮರೆತು, ಅದು ಏರುತ್ತಲೇ ಬಿದ್ದಾಗ, ಮನುಷ್ಯನ ನೆನಪನ್ನು ನಂಬುವುದೇ ತಪ್ಪೆಂದು ಚೆಕ್‌ಲಿಸ್ಟ್ ಬರೆದಿಟ್ಟರು. ಇವತ್ತಿಗೂ ಸಾವಿರಾರು ಗಂಟೆ ಹಾರಿದವರೂ ಅದನ್ನು ಶ್ರಾದ್ಧದ ಮಂತ್ರದಂತೆ ಒಂದೂ ಬಿಡದೆ ಓದುತ್ತಾರೆ. ನಮ್ಮ ಪೈಲಟ್‌ಗಳು ಕುಡಿದಿಲ್ಲವೆಂದು ಯಂತ್ರಕ್ಕೆ ಊದಿ ತೋರಿಸಿಯೇ ಹತ್ತಬೇಕು. ರಾಯರ ಟ್ಯಾಕ್ಸಿಯವನನ್ನು ಊದಿಸಿದವರಾರು? ಸಂಶಯಪಟ್ಟು, ಸಂಶಯಪಟ್ಟು, ಬರೆದಿಟ್ಟು ಸಹಿ ಹಾಕಿದ ಜಾಗದಲ್ಲಿ ರಾಯರು ಬೆವರುತ್ತಾರೆ. ಯಾರೂ ಯಾವುದನ್ನೂ ಸಂಶಯಿಸದ ಜಾಗದಲ್ಲಿ ಗೊರಕೆ ಹೊಡೆಯುತ್ತಾರೆ.

ಮರಳಿ ದೇವನಹಳ್ಳಿಯಲ್ಲಿ ಚಕ್ರ ನೆಲ ಮುಟ್ಟುತ್ತದೆ. ಬೆಲ್ಟಿನ ದೀಪ ಆರುವ ಮೊದಲೇ ರಾಯರು ಎದ್ದು ನಿಂತು, ತಲೆಯ ಮೇಲಿನ ಬ್ಯಾಗನ್ನು ಪಕ್ಕದವರ ತಲೆಯ ಮೇಲೆ ಇಳಿಸುತ್ತಾ, ಇನ್ನೊಂದು ಕೈಯಲ್ಲಿ ಮನೆಗೆ ಫೋನು ಹಚ್ಚುತ್ತಾರೆ. ಮನೆಗಿನ್ನೂ ಮೂವತ್ತೈದು ಕಿಲೋಮೀಟರ್ ರಸ್ತೆಯಿದೆ. ‘ಹೂಂ ಕಣೇ, ದೇವರ ದಯೆ, ಬಂದು ಮುಟ್ಟಿದೆ.’